ಸಣ್ಣ ವಿಮಾನಕ್ಕೆ ಯಾವ ಕೋವಿ?

ಅಲಾಸ್ಕದಲ್ಲಿ ಸಣ್ಣ ವಿಮಾನ ಹಾರಿಸುವ ನಾಲ್ಕು ಮಂದಿ ಒಂದೆಡೆ ಸೇರಿದರೆ ಮಾತು ಸುತ್ತಿ ಬಳಸಿ ಕೋವಿಗೆ ಬರುತ್ತದೆ. ಕಾಡಿನ ನಡುವೆ ಎಂಜಿನ್ ಕೈಕೊಟ್ಟರೆ ಜೊತೆಗೆ ಯಾವ ಕೋವಿ ಇರಬೇಕು? ಆ ಸೀಮೆಯ ಎಷ್ಟೋ ಊರುಗಳಿಗೆ ರಸ್ತೆಯೇ ಇಲ್ಲ. ರಾಜಧಾನಿ ಜೂನೋಗೂ ಹೊರಗಿನಿಂದ ರಸ್ತೆಯಿಲ್ಲ. ಆದ್ದರಿಂದ ಇದು ಹೊತ್ತು ಹೋಗದವರ ಚರ್ಚೆಯಲ್ಲ.

ವಿಮಾನದಲ್ಲಿ ಏನೇನಿರಬೇಕೆಂದು ಅಲ್ಲಿನ ಕಾನೂನೇ ಪಟ್ಟಿ ಕೊಟ್ಟಿದೆ. ತಲಾ ಒಂದು ವಾರದ ಆಹಾರ, ಕೊಡಲಿ, ಚಾಕು, ಗಾಳದ ಸಾಮಾನು, ಬೆಂಕಿ ಹೊತ್ತಿಸುವ ಸಾಧನ. ತಲೆಗೆ ಹಾಕಿಕೊಳ್ಳುವ ಸೊಳ್ಳೆಪರದೆಯೂ ಒಬ್ಬೊಬ್ಬರಿಗೆ ಒಂದೊಂದು! ಹಿಂದೆ ಕೋವಿಯೂ ಕಡ್ಡಾಯವಾಗಿತ್ತು, ಆಮೇಲೆ ಕೈಬಿಟ್ಟರು. ಈಗ ಅದು ಅವರವರ ವಿವೇಚನೆಗೆ ಬಿಟ್ಟದ್ದು.

ಕೋವಿ ಯಾತಕ್ಕೆ ಎನ್ನುವುದು ಮೊದಲು ತೀರ್ಮಾನವಾಗಬೇಕು. ಹೊಟ್ಟೆಪಾಡಿಗಾದರೆ ಸಣ್ಣ ಗುಂಡಿನ ಪಾಯಿಂಟ್ ಟೂ ಟೂ ಕೋವಿ ಸಾಕು. ಯೂಜೀನ್ ಸ್ಟೋನರ್ ರೂಪಿಸಿದ ಎಆರ್-7 ನೋಡಿ: ನಳಿಕೆ, ಮ್ಯಾಗಜೀನ್ ಎಲ್ಲ ಬಿಚ್ಚಿ ಹಿಂಬದಿಯ ಟೊಳ್ಳಿನೊಳಗೇ ತುಂಬಿ ಮುಚ್ಚಳ ಹಾಕಬಹುದು. ನೀರಿಗೆ ಬಿದ್ದರೆ ತೇಲುತ್ತದೆ. ಮೊಲಕ್ಕೆ, ಕಾಡುಕೋಳಿಗೆ ಅದು ಸರಿ. ಕಂದು ಕರಡಿಯ ಎದುರು ಅದನ್ನು ನೆಚ್ಚುವಂತಿಲ್ಲ. ಕರಡಿಗೆ ಹನ್ನೆರಡು ಬೋರಿನ ಕೋವಿ, ಒಂಟಿ ಗುಂಡಿನ ತೋಟಾ ಬೇಕು. ತೂಕ ಮೂರು ಕಿಲೋ ದಾಟುತ್ತದೆ. ಸೊಂಟಕ್ಕೆ ದೊಡ್ಡ ರಿವಾಲ್ವರ್ ಕಟ್ಟೋಣವೆಂದರೆ, ಕೆನಡಾದಲ್ಲಿ ಇಳಿದು ಹೋಗುವವರಿಗೆ ಅಲ್ಲಿನ ಕಾನೂನು ಅಡ್ಡ ಬರುತ್ತದೆ.

ಕರಡಿಯ ಮಾತು ಬಂದಮೇಲೆ ಖಾರದ ಸ್ಪ್ರೇ ಬಿಡುವುದು ಹೇಗೆ? ಅಲಾಸ್ಕದ ಘಟನೆಗಳನ್ನು ಕಲೆಹಾಕಿ 2008ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕಂದು ಕರಡಿಗಳ ಮೇಲೆ ಅದು ನೂರಕ್ಕೆ 92 ಸಲ ಫಲಿಸಿತ್ತು. ಆದರೆ ಡಬ್ಬಿ ಕ್ಯಾಬಿನ್ನಿನೊಳಗೆ ಸೋರಿತೋ, ಪೈಲಟ್ ಕಣ್ಣು ಬಿಡಲಾರ. ಅದಕ್ಕೇ ಬಲ್ಲವರು ರೆಕ್ಕೆಯ ಆಸರೆ ಕಂಬಿಗೆ ಟೇಪು ಸುತ್ತಿ ಡಬ್ಬಿಯನ್ನು ಹೊರಗೇ ಕಟ್ಟುತ್ತಾರೆ. ಉಕ್ಕಿನ ಕೋವಿಗೂ ಜಾಗ ನೋಡಬೇಕು. ದಿಕ್ಸೂಚಿಯ ಹತ್ತಿರ ಇಟ್ಟರೆ ಮುಳ್ಳು ಸುಳ್ಳು ಹೇಳುತ್ತದೆ.

ಬಾಹ್ಯಾಕಾಶದಿಂದ ಇಳಿದವರಿಗೂ ಈ ಚಿಂತೆ ತಪ್ಪಲಿಲ್ಲ. 1965ರ ಮಾರ್ಚಿನಲ್ಲಿ ಸೋವಿಯತ್ ಯಾತ್ರಿಗಳಾದ ಲಿಯೊನೊವ್, ಬೆಲ್ಯಾಯೆವ್ ಇದ್ದ ವೊಸ್ಖೋದ್-2 ನೌಕೆ ಗುರಿ ತಪ್ಪಿ ಹಿಮದ ಕಾಡಿನಲ್ಲಿ ಇಳಿಯಿತು. ಮುಂದೆ ಸೋವಿಯತ್ ಯಾತ್ರಿಗಳಿಗೆಂದೇ ಟಿಪಿ-82 ಎಂಬ ಮೂರು ನಳಿಕೆಯ ಪಿಸ್ತೂಲು ಬಂತು. ಆದರೆ ಹಿಮದ ಕಾಡಿನಲ್ಲಿ ಕಳೆದ ಆ ಎರಡು ರಾತ್ರಿ ಅವರಿಬ್ಬರನ್ನು ಕಾಡಿದ್ದು ಮೃಗವಲ್ಲ, ಚಳಿ. ಬಾಹ್ಯಾಕಾಶದ ಉಡುಪಿನೊಳಗೆ ಬೆವರು ನಿಂತಿತ್ತು. ಆ ಕೊರೆತದಲ್ಲೇ ಬಟ್ಟೆ ಬಿಚ್ಚಿ, ಹಿಂಡಿ, ಮತ್ತೆ ತೊಡಬೇಕಾಯಿತು.

ನನ್ನ ಮಾತು ಇಷ್ಟೆ. ಸಾಲ್ಮನ್ ಮೀನು ಏರುವ ಹೊಳೆಗಳ ಮೇಲೆ ಹಾರುವವರು ದೊಡ್ಡ ಕೋವಿ ಒಯ್ಯಲಿ. ಕರಡಿಗಳು ನೆರೆಯುವುದು ಅಲ್ಲೇ. ಮಿಕ್ಕವರಿಗೆ ಹಗುರವಾದ ಪಾಯಿಂಟ್ ಟೂ ಟೂ, ಹೊರಗೆ ಕಟ್ಟಿದ ಸ್ಪ್ರೇ ಸಾಕು. ಉಳಿದ ಎರಡು ಕಿಲೋದಲ್ಲಿ ಒಳ್ಳೆಯ ಮಲಗುಚೀಲ, ಇರುವ ಜಾಗ ತಿಳಿಸುವ 406 ಮೆಗಾಹರ್ಟ್ಸ್‌ನ ಬೀಕನ್ ಬರುತ್ತವೆ. 1972ರಲ್ಲಿ ಇಬ್ಬರು ಅಮೆರಿಕನ್ ಸಂಸದರನ್ನು ಹೊತ್ತು ಆಂಕರೇಜ್‌ನಿಂದ ಹೊರಟ ಸೆಸ್ನಾ ಇಂದಿಗೂ ಸಿಕ್ಕಿಲ್ಲ. ಹುಡುಕುವವರು ಬರುವ ತನಕ ಮೈ ಬೆಚ್ಚಗಿರಬೇಕು, ಅವರಿಗೆ ನಾವಿರುವ ಜಾಗ ತಿಳಿಯಬೇಕು. ಆ ಲೆಕ್ಕ ಮುಗಿದು ಮಿಕ್ಕ ತೂಕ ಕೋವಿಗೆ.