ಪಿ. ಬಿ.

ಪಿ. ಬಿ. ಎಂಬ ಅಕ್ಷರದ್ವಯವು ಕಿವಿಗೆ ಬಿದ್ದೊಡನೆ ಒಬ್ಬೊಬ್ಬರ ಮನಸ್ಸು ಒಂದೊಂದು ಕಡೆಗೆ ಹರಿಯುವದು. ಟಪಾಲಿನವನಿಗೆ ಅದು ಪೆಟ್ಟಿಗೆಯ ನಂಬರು. ಹುಬ್ಬಳ್ಳಿ-ಬೆಳಗಾವಿಯ ಗೃಹಸ್ಥನಿಗೆ ಪುಣೆ-ಬೆಂಗಳೂರು ರಸ್ತೆ. ನ್ಯಾಯವಾದಿಯು 1964ರಲ್ಲಿ ಭಾರತದ ಮುಖ್ಯ ನ್ಯಾಯಮೂರ್ತಿಗಳಾದ ಗಜೇಂದ್ರಗಡಕರರನ್ನು ನೆನೆದರೆ, ಸಂಗೀತಪ್ರಿಯನು ಗಾಯಕ ಶ್ರೀನಿವಾಸರನ್ನು ನೆನೆಯುವನು. ಅಷ್ಟೊಂದು ಮೃದುವಾಗಿ ಹಾಡಿದ ಆ ಮಹನೀಯರ ಪಿ. ಬಿ.ಯು ‘ಪ್ರತಿವಾದಿ ಭಯಂಕರ’ವೆಂದು ತಿಳಿದಾಗ ನಗೆ ಬಾರದೆ ಇರದು.

ಬಸವನ ಬಾಗೇವಾಡಿಯ ಸೀಮೆಯಲ್ಲಿಯಾದರೋ ಇದು ಒಂದು ಊರಿಗೆ ಹತ್ತಿದ ಬಾಲ: ಹುಣಶ್ಯಾಳ ಪಿ. ಬಿ. ಈ ನಾಡಿನಲ್ಲಿ ಹುಣಸೆಯೂ ಬಹಳ, ಮುದ್ದೇಬಿಹಾಳ ಬೂದಿಹಾಳಗಳಂಥ ‘ಹಾಳ’ಗಳೂ ಬಹಳ. ಒಂದೇ ಹೆಸರಿನ ಊರುಗಳು ಹಲವಾಗಲು ಕಂದಾಯದ ಕಾಗದಗಳಲ್ಲಿ ಗುರುತು ಬೇಕಾಯಿತು. ಪಿ ಎಂದರೆ ಪರಗಣೆ, ಬಿ ಎಂದರೆ ಬಾಗೇವಾಡಿ. ಗೋಕಾಕದ ಕಡೆಯ ಹುಣಶ್ಯಾಳಗಳೆರಡು ಇದೇ ರೀತಿಯಾಗಿ ಪಿ. ಜಿ., ಪಿ. ವಾಯ್. ಆಗಿ, ಗೋಕಾಕ ಯಾದವಾಡ ಪರಗಣೆಗಳನ್ನು ಹೇಳುವವು. ಸಿಂದಗಿಯ ಕಡೆಯ ಬೂದಿಹಾಳಕ್ಕೆ ಪಿ. ಎಚ್. ಇಂಡಿಯ ಕಡೆಯ ನಿಂಬಾಳಗಳ ಬಿ. ಕೆ., ಕೆ. ಡಿ.ಗಳ ಜಾತಿಯೇ ಬೇರೆ. ಅವು ಬುದ್ರುಕ, ಖುರ್ದ ಎಂಬ ಒಂದೊಂದೇ ಶಬ್ದದ ತಲೆ ಮತ್ತು ಬಾಲ, ಎಂದರೆ ಹಿರಿದು ಕಿರಿದು.

ಪರಗಣೆಯೆಂಬುದು ಸುಲ್ತಾನರ ಕಾಲದ ದಫ್ತರದ ಶಬ್ದ. ಅದರ ದೇಸಾಯಿ ದೇಶಪಾಂಡೆಯರ ವತನುಗಳನ್ನು ಮುಂಬಯಿ ಸರಕಾರದ 1950ರ ಕಾಯದೆಯು ರದ್ದುಗೊಳಿಸಿತು. ತಾಲೂಕು ಬಂದು ಪರಗಣೆ ಹೋಯಿತು, ವತನು ಹೋಗಿ ಅಡ್ಡಹೆಸರು ಉಳಿಯಿತು. ಪರಗಣೆಗೆ ಮಾತ್ರ ಒಂದು ಇಂಗ್ಲಿಷ್ ಅಕ್ಷರವೇ ಗತಿಯಾಯಿತು! ಆ ಅಕ್ಷರವನ್ನು ಮರಳಿ ಕನ್ನಡ ಲಿಪಿಯಲ್ಲಿ ಬರೆದುದರಿಂದ ಅರ್ಥವು ಎರಡು ಪರದೆಗಳ ಹಿಂದೆ ಸರಿದು ಹೋಗಿದೆ. ಶಾಲೆಯ ಹುಡುಗನು ತನ್ನೂರಿನ ಹೆಸರನ್ನು ಎಷ್ಟು ಸಲ ಬರೆದರೂ, ಅದರಲ್ಲಿ ಬಾಗೇವಾಡಿ ಅಡಗಿರುವದೆಂದು ಊಹಿಸುವ ದಾರಿಯಿಲ್ಲ.

ಇದೇ ಕೊರತೆಯನ್ನು ಬಾಗೇವಾಡಿಯು ಹೇಗೆ ನೀಗಿಕೊಂಡಿತು ನೋಡಿರಿ. ಬೆಳಗಾವಿಯ ಬಳಿಯಲ್ಲಿ ಹಿರೇಬಾಗೇವಾಡಿಯುಂಟು (ಅದಿರುವದು ಇನ್ನೊಂದು ಪಿ. ಬಿ.ಯ, ಎಂದರೆ ರಸ್ತೆಯ ಮೇಲೆ!). ಅದರಿಂದ ಈ ಬಾಗೇವಾಡಿಯನ್ನು ಬೇರೆ ಮಾಡಿ ತೋರಿಸುವದಕ್ಕೆ ಅಲ್ಲಿ ಹುಟ್ಟಿದ ಬಸವಣ್ಣನ ಹೆಸರೇ ಸಾಕಾಯಿತು. ಅದನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಹುಣಶ್ಯಾಳದ ಹಲಗೆಯ ಮೇಲೆ ‘ಬಾಗೇವಾಡಿ ಪರಗಣೆ’ ಎಂದು ಪೂರ್ತಿಯಾಗಿ ಬರೆಯುವದಕ್ಕೆ ಹೆಚ್ಚು ಬಣ್ಣವೇನೂ ಬೇಕಾಗದು.