ಎರಡು ಕೊಟೇಷನ್ ಮಾರ್ಕ್ ಕಥೆ

(1/3)

ಮೊನ್ನೆ ನಮ್ಮ ಕ್ಲಾಸ್ ಗ್ರೂಪಲ್ಲಿ ಒಬ್ಬ ಕೇಳಿದ: "ಡೇಟಾಬೇಸ್ ಸರ್ವರ್ ಸಿಪಿಯು 100 ಪರ್ಸೆಂಟ್ ಹೋದ್ರೆ ಮೊದ್ಲು ಏನ್ ಮಾಡ್ತೀರಾ?" ಇಂಟರ್‌ವ್ಯೂ ಪ್ರಶ್ನೆಯಂತೆ. ನಾಲ್ಕು ಜನ ಒಂದೇ ಉತ್ತರ ಕೊಟ್ರು: ರೀಸ್ಟಾರ್ಟ್. ನಾನು ಸುಮ್ಮನಿದ್ದೆ. ನನ್ನ ಉತ್ತರ ಒಂದು ಮೆಸೇಜಲ್ಲಿ ಮುಗಿಯಲ್ಲ, ಅದಕ್ಕೇ ಇಲ್ಲಿ ಬರೀತಿದೀನಿ.

ಕೆಲಸಕ್ಕೆ ಸೇರಿ ನಾಲ್ಕನೇ ತಿಂಗಳು. ಚಿಕ್ಕ ಕಂಪನಿ, ಕ್ಲಿನಿಕ್‌ಗಳಿಗೆ ಟೋಕನ್ ಸಾಫ್ಟ್‌ವೇರ್ ಮಾಡ್ತೀವಿ. ರಿಸೆಪ್ಷನ್‌ನಲ್ಲಿ ಫೋನ್ ನಂಬರ್ ಹೊಡೆದ್ರೆ ಪೇಷಂಟ್ ಫೈಲ್ ಬರತ್ತೆ, ಟೋಕನ್ ಪ್ರಿಂಟ್ ಆಗತ್ತೆ. ಅಷ್ಟೇ.

ಸೋಮವಾರ ಬೆಳಗ್ಗೆ ಒಂಬತ್ತಕ್ಕೆ ಫೋನ್ ಮೇಲೆ ಫೋನ್. ಒಂದು ಕ್ಲಿನಿಕ್‌ನಿಂದ ಮಾತಾಡಿದ ಹುಡುಗಿ ಹೇಳಿದ್ದು ಇವತ್ತಿಗೂ ಕಿವೀಲಿದೆ: "ಸಾರ್, ಫಾಸ್ಟಿಂಗ್ ಶುಗರ್ ಟೆಸ್ಟಿಗೆ ಅಂತ ಒಬ್ರು ಅಜ್ಜಿ ರಾತ್ರಿಯಿಂದ ಏನೂ ತಿಂದಿಲ್ಲ. ಟೋಕನ್ನೇ ಬರ್ತಿಲ್ಲ. ಏನ್ ಹೇಳ್ಲಿ?"

ಆಫೀಸಲ್ಲಿ ನಾನೊಬ್ಬನೇ. ನಮ್ಮ ಸೀನಿಯರ್ (ಎಲ್ಲರೂ ಅಕ್ಕ ಅಂತೀವಿ) ಇನ್ನೂ ಬಸ್ಸಲ್ಲಿದ್ರು. ನಾನು ಫೋನಲ್ಲಿ, "ಅಕ್ಕ, ರೀಸ್ಟಾರ್ಟ್ ಮಾಡ್ಬಿಡ್ಲಾ?" ಅಂದೆ.

"ಮಾಡಿದ್ರೆ ಐದು ನಿಮಿಷ ಸುಮ್ನಿರತ್ತೆ, ಆಮೇಲೆ ಮತ್ತೆ ಅದೇ. ಜೊತೆಗೆ ಸಾಕ್ಷಿನೂ ಅಳಿಸಿ ಹೋಗತ್ತೆ. ಏನೂ ಮುಟ್ಬೇಡ. ಟಾಪ್ ಹಾಕಿ ಏನ್ ಕಾಣತ್ತೆ ಓದು."

ಟಾಪ್ ಅನ್ನೋದು ಲಿನಕ್ಸ್ ಕಮ್ಯಾಂಡ್, ಲ್ಯಾಬಲ್ಲಿ ನೋಡಿರ್ತೀರಿ. ನಮ್ಮದು 8 ಕೋರ್ ಸರ್ವರ್. ಒಂದು ಕೋರ್‌ಗೆ 100 ಲೆಕ್ಕ, ಅಂದ್ರೆ ಒಂದು ಪ್ರೋಸೆಸ್ ಗರಿಷ್ಠ 800 ತೋರಿಸಬಹುದು. ಮೈಎಸ್‌ಕ್ಯುಎಲ್ 790ರ ಹತ್ತಿರ ಇತ್ತು.

ಅಕ್ಕ ಕೇಳಿದ್ದು ಆ ನಂಬರ್ ಅಲ್ಲ. "ಮೇಲಿನ ಸಾಲಲ್ಲಿ 'ಯುಎಸ್' ಎಷ್ಟು, 'ಡಬ್ಲ್ಯುಎ' ಎಷ್ಟು?"

ಈ ಎರಡು ಅಕ್ಷರ ನೆನಪಿಟ್ಕೊಳ್ಳಿ. 'ಯುಎಸ್' ಅಂದ್ರೆ ಸಿಪಿಯು ನಮ್ಮ ಪ್ರೋಗ್ರಾಂಗೋಸ್ಕರ ನಿಜವಾಗ್ಲೂ ದುಡೀತಿರೋದು. 'ಡಬ್ಲ್ಯುಎ' ಅಂದ್ರೆ ಡಿಸ್ಕ್ ಉತ್ತರಕ್ಕೆ ಕಾಯ್ತಾ ಸುಮ್ನೆ ಕೂತಿರೋದು. ಲೋಡ್ ಆವರೇಜ್ ಒಂದನ್ನೇ ನೋಡಿದ್ರೆ ಇದು ಗೊತ್ತಾಗಲ್ಲ. ಲಿನಕ್ಸ್‌ನಲ್ಲಿ ಡಿಸ್ಕ್‌ಗೆ ಕಾಯ್ತಿರೋ ಪ್ರೋಸೆಸ್‌ಗಳೂ ಆ ಲೆಕ್ಕದಲ್ಲಿ ಸೇರತ್ತೆ.

ನಮ್ಮಲ್ಲಿ ಯುಎಸ್ 97, ಡಬ್ಲ್ಯುಎ ಸೊನ್ನೆ. ಅಂದ್ರೆ ಡಿಸ್ಕ್ ಆರಾಮಾಗಿದೆ, ಡೇಟಾ ಎಲ್ಲಾ ಮೆಮೊರಿಯಲ್ಲೇ ಇದೆ. ಸರ್ವರ್ ಕೆಟ್ಟಿಲ್ಲ. ಯಾರೋ ಹೇಳಿದ ಕೆಲಸವನ್ನ ಪಾಪ ಪ್ರಾಮಾಣಿಕವಾಗಿ ಮಾಡ್ತಿದೆ.

ಹೇಳಿದ್ದು ಯಾರು? ಮುಂದಿನ ಪೋಸ್ಟಲ್ಲಿ 👉

(2/3)

"ಈಗ ಶೋ ಫುಲ್ ಪ್ರೋಸೆಸ್‌ಲಿಸ್ಟ್ ಹಾಕು," ಅಂದ್ರು ಅಕ್ಕ. ಈ ಕ್ಷಣ ಡೇಟಾಬೇಸ್ ಒಳಗೆ ಯಾರ್ಯಾರು ಯಾವ ಕ್ವೆರಿ ಓಡಿಸ್ತಿದಾರೆ, ಎಷ್ಟು ಸೆಕೆಂಡಿಂದ, ಎಲ್ಲಾ ಬರತ್ತೆ.

ಮೂವತ್ತಕ್ಕೂ ಹೆಚ್ಚು ಸಾಲು. ಎಲ್ಲದರಲ್ಲೂ ಒಂದೇ ಕ್ವೆರಿ: ಫೋನ್ ನಂಬರಿಂದ ಪೇಷಂಟ್ ಹುಡುಕೋದು. ಕೆಲವು ನಂಬರ್ ಮೂರ್ಮೂರು ಸಲ ಇತ್ತು. ಯಾಕೆ ಗೊತ್ತಾ? ಸ್ಕ್ರೀನ್ ಮುಂದೆ ಹೋಗ್ಲಿಲ್ಲ ಅಂತ ರಿಸೆಪ್ಷನ್‌ನವರು ಬಟನ್ ಮತ್ತೆ ಮತ್ತೆ ಒತ್ತಿದಾರೆ. ಒಂದೊಂದು ಒತ್ತಿಗೂ ಹೊಸ ಕ್ವೆರಿ, ಹಳೇದೂ ಓಡ್ತಾನೇ ಇದೆ. ನಿಧಾನ ಆದಷ್ಟೂ ಒತ್ತೋದು ಜಾಸ್ತಿ, ಒತ್ತಿದಷ್ಟೂ ಇನ್ನೂ ನಿಧಾನ.

ಸ್ಲೋ ಕ್ವೆರಿ ಲಾಗ್ ನೋಡಿದ್ರೆ ಖಾಲಿ! ಮೈಎಸ್‌ಕ್ಯುಎಲ್‌ನಲ್ಲಿ ಅದರ ಡೀಫಾಲ್ಟ್ ಮಿತಿ 10 ಸೆಕೆಂಡ್. ನಮ್ಮ ಕ್ವೆರಿ ಆರೇಳು ಸೆಕೆಂಡಲ್ಲಿ ಮುಗೀತಿತ್ತು. ಲಾಗ್ ಪ್ರಕಾರ ಎಲ್ಲಾ ಸರಿ ಇದೆ, ಹೊರಗಡೆ ಅಜ್ಜಿ ಹಸಿದು ಕೂತಿದಾರೆ.

ಆಮೇಲೆ ಆ ಕ್ವೆರಿ ಮುಂದೆ ಎಕ್ಸ್‌ಪ್ಲೇನ್ ಹಾಕಿದೆ. ಟೈಪ್: ಆಲ್. ಕೀ: ನಲ್. ರೋಸ್: 38 ಲಕ್ಷ ಚಿಲ್ಲರೆ.

ಬಿಡಿಸಿ ಹೇಳ್ತೀನಿ. ವೋಟರ್ ಲಿಸ್ಟ್ ನೆನಪಿಸ್ಕೊಳ್ಳಿ. ಸ್ಲಿಪ್ಪಲ್ಲಿ ಕ್ರಮಸಂಖ್ಯೆ ಇದ್ರೆ ಬೂತಲ್ಲಿ ಕೂತವರು ಸೀದಾ ಆ ಪುಟಕ್ಕೆ ಹೋಗ್ತಾರೆ. ಸ್ಲಿಪ್ ಮರೆತು ಬರೀ ಹೆಸರು ಹೇಳಿದ್ರೆ ಮೊದಲ ಪುಟದಿಂದ ತಿರುವ್ತಾರೆ. ಇಂಡೆಕ್ಸ್ ಅಂದ್ರೆ ಆ ಸ್ಲಿಪ್. ನಮ್ಮ ಸರ್ವರ್ ಒಂದೊಂದು ಟೋಕನ್‌ಗೂ 38 ಲಕ್ಷ ಸಾಲು ತಿರುವ್ತಿತ್ತು.

ತಮಾಷೆ ಅಂದ್ರೆ ಫೋನ್ ಕಾಲಂ ಮೇಲೆ ಇಂಡೆಕ್ಸ್ ಇತ್ತು! 'ಪಾಸಿಬಲ್ ಕೀಸ್' ಅನ್ನೋ ಜಾಗದಲ್ಲಿ ಅದರ ಹೆಸರೂ ಬಂದಿತ್ತು. ಆದ್ರೂ ಬಳಸಿಲ್ಲ.

"ಕ್ವೆರಿಯಲ್ಲಿ ನಂಬರ್ ಸುತ್ತ ಕೊಟೇಷನ್ ಮಾರ್ಕ್ ಇದೆಯಾ ನೋಡು," ಅಂದ್ರು ಅಕ್ಕ.

ಇರ್ಲಿಲ್ಲ. ಟೇಬಲ್‌ನಲ್ಲಿ ಫೋನ್ ಕಾಲಂ ವಾರ್‌ಚಾರ್, ಅಂದ್ರೆ ಅಕ್ಷರ. ಕ್ವೆರಿ ಕೇಳಿದ್ದು ಸಂಖ್ಯೆ. ಮೈಎಸ್‌ಕ್ಯುಎಲ್ ಎರರ್ ಕೊಡಲ್ಲ, ಪ್ರತಿ ಸಾಲಿನ ಅಕ್ಷರವನ್ನೂ ಸಂಖ್ಯೆಯಾಗಿ ಬದಲಾಯಿಸಿ ಹೋಲಿಸತ್ತೆ. ಇಂಡೆಕ್ಸ್ ಯಾಕೆ ಕೆಲಸಕ್ಕೆ ಬರಲ್ಲ? '12', '012', '12.0' ನೋಡಿ. ಅಕ್ಷರವಾಗಿ ಮೂರೂ ಬೇರೆ, ಇಂಡೆಕ್ಸಲ್ಲಿ ಬೇರೆ ಬೇರೆ ಕಡೆ ಕೂತಿರತ್ತೆ. ಸಂಖ್ಯೆಯಾಗಿ ಮೂರೂ ಒಂದೇ. ಹಾಗಾಗಿ ಒಂದು ಜಾಗಕ್ಕೆ ಹೋಗಿ ಹುಡುಕೋಕೆ ಆಗಲ್ಲ, ಎಲ್ಲಾ ನೋಡ್ಲೇಬೇಕು. (ಉಲ್ಟಾ ಆದ್ರೆ ತೊಂದರೆ ಇಲ್ಲ. ಕಾಲಂ ಸಂಖ್ಯೆಯಾಗಿದ್ದು ನೀವು ಅಕ್ಷರ ಕಳಿಸಿದ್ರೆ ಅದೊಂದನ್ನ ಮಾತ್ರ ಬದಲಾಯಿಸಿದ್ರೆ ಸಾಕು.)

ಐದನೇ ಸೆಮ್ಮಲ್ಲಿ ಬಿ ಪ್ಲಸ್ ಟ್ರೀ ಚಿತ್ರ ಬರೆದು ಹತ್ತಕ್ಕೆ ಒಂಬತ್ತು ತಗೊಂಡವನು ನಾನು. ಆ ಚಿತ್ರದ ಅರ್ಥ ಆಗಿದ್ದು ಅವತ್ತು.

(3/3)

ಈಗ ಅಸಲು ವಿಷಯ.

ಆ ಕ್ವೆರಿ ನೋಡಿದ ತಕ್ಷಣ ನನಗೆ ಗೊತ್ತಾಗಿತ್ತು. ಅದು ನನ್ನದೇ. ಕೆಲವರು ನಂಬರ್ ಮಧ್ಯೆ ಸ್ಪೇಸ್ ಹೊಡೀತಾರೆ ಅಂತ ಶನಿವಾರ ಸಂಜೆ ಪೈಥಾನ್ ಕೋಡಲ್ಲಿ ಸ್ಪೇಸ್ ತೆಗೆದು, "ಕ್ಲೀನ್ ಆಗಿರ್ಲಿ" ಅಂತ ಇಂಟ್ ಒಳಗೆ ಹಾಕಿದ್ದೆ. ಅಲ್ಲಿಗೆ ಕೊಟೇಷನ್ ಮಾರ್ಕ್ ಎರಡೂ ಹೋದ್ವು. ಟೆಸ್ಟ್ ಮಾಡಿದ್ದೆ ಕಣ್ರೋ! ನನ್ನ ಲ್ಯಾಪ್‌ಟಾಪಲ್ಲಿ ಇದ್ದಿದ್ದು 200 ಪೇಷಂಟ್. 200 ಸಾಲು ತಿರುವೋಕೆ ಎಷ್ಟು ಹೊತ್ತು? ಭಾನುವಾರ ಕ್ಲಿನಿಕ್ ರಜಾ, ಹಾಗಾಗಿ ಅವತ್ತೂ ಗೊತ್ತಾಗ್ಲಿಲ್ಲ.

ಅಕ್ಕ ಇನ್ನೂ ಬಸ್ಸಲ್ಲಿ. ಕೋಡ್ ಬದಲಾಯಿಸೋಕೆ ಎರಡು ನಿಮಿಷ ಸಾಕು. "ಸರ್ವರ್ ಏನೋ ಲೋಡ್ ಆಗಿತ್ತು, ಈಗ ಸರಿ ಹೋಯ್ತು" ಅಂದ್ರೆ ಮುಗೀತು. ಪ್ರೊಬೇಷನ್ ಬೇರೆ. ಸುಳ್ಳು ಹೇಳಲ್ಲ, ಅರ್ಧ ನಿಮಿಷ ಆ ವಾಕ್ಯನ ಮನಸ್ಸಲ್ಲಿ ರಿಹರ್ಸಲ್ ಮಾಡಿದೆ.

ಆಮೇಲೆ ಅನ್ನಿಸ್ತು, ಇಷ್ಟೊತ್ತು ಸರ್ವರ್ ಹತ್ರ ಏನನ್ನೂ ಮುಚ್ಚಿಡದೆ ಹೇಳು ಅಂತ ಕೇಳಿದ್ದು ನಾನೇ. ಅದು ಹೇಳ್ತು. ಈಗ ನನ್ನ ಸರದಿ.

"ಅಕ್ಕ, ಇದು ನಾನು ಶನಿವಾರ ಹಾಕಿದ ಚೇಂಜ್."

ಆ ಕಡೆ ಬಸ್ಸಿನ ಹಾರ್ನ್ ಮಾತ್ರ ಕೇಳಿಸ್ತು. ಆಮೇಲೆ: "ಸರಿ. ಹಳೇ ವರ್ಷನ್‌ಗೆ ವಾಪಸ್ ಹೋಗು. ಹೊಸದಾಗಿ ಬರೆಯೋದು ಈಗ ಬೇಡ, ಕೈ ನಡುಗ್ತಿರತ್ತೆ."

ನಿಜ, ನಡುಗ್ತಿತ್ತು. ಹಳೇ ವರ್ಷನ್ ಹಾಕಿ, ಸಿಕ್ಕಿಹಾಕ್ಕೊಂಡಿದ್ದ ಕ್ವೆರಿಗಳನ್ನ ಕಿಲ್ ಮಾಡಿದೆ. ಟಾಪ್‌ನಲ್ಲಿ 790 ಇದ್ದಿದ್ದು ನೋಡ್ತಾ ನೋಡ್ತಾ 40ಕ್ಕೆ ಇಳೀತು. ಆ ಹುಡುಗಿಗೆ ನಾನೇ ಫೋನ್ ಮಾಡಿದೆ. "ಬಂತು ಸಾರ್," ಅಂದ್ಳು. ಅಜ್ಜಿ? "ಬ್ಲಡ್ ಕೊಡೋಕೆ ಒಳಗೆ ಹೋದ್ರು." ಸುಮಾರು ಐವತ್ತು ನಿಮಿಷ ಅವರು ಕಾದಿದ್ದು ನನ್ನ ಒಂದು ಇಂಟ್‌ಗೆ.

ಅಕ್ಕ ಬಂದು ಬೈತಾರೆ ಅನ್ಕೊಂಡಿದ್ದೆ. ಕಾಫಿ ಕೊಡಿಸಿ, "ಏನಾಯ್ತು, ಯಾವ ಆರ್ಡರಲ್ಲಿ ಆಯ್ತು, ಬರೆದಿಡು. ಹೆಸರು ಬೇಡ, ಟೈಮ್ ಹಾಕು," ಅಂದ್ರು. ಅವತ್ತು ಬರೆದಿದ್ದರಿಂದಲೇ ಇವತ್ತು ಇದನ್ನ ಬರೆಯೋಕೆ ಆಗ್ತಿದೆ. ಆಮೇಲೆ ಸ್ಲೋ ಲಾಗ್ ಮಿತಿ 1 ಸೆಕೆಂಡ್‌ಗೆ ಇಳಿಸಿದ್ವಿ. ಟೆಸ್ಟ್ ಮಷೀನ್‌ಗೆ ಲಕ್ಷಗಟ್ಟಲೆ ನಕಲಿ ಪೇಷಂಟ್ ತುಂಬಿಸಿದ್ವಿ.

ಸ್ಕ್ರೀನ್‌ಶಾಟ್ ತಗೊಳ್ಳೋರಿಗೆ:
1. ಮುಟ್ಟೋಕೆ ಮುಂಚೆ ನೋಡಿ. ಯುಎಸ್ ಜಾಸ್ತಿನಾ, ಡಬ್ಲ್ಯುಎ ಜಾಸ್ತಿನಾ?
2. ಪ್ರೋಸೆಸ್‌ಲಿಸ್ಟ್‌ನಲ್ಲಿ ಪದೇ ಪದೇ ಬರೋ ಕ್ವೆರಿ ಯಾವುದು?
3. ಅದಕ್ಕೆ ಎಕ್ಸ್‌ಪ್ಲೇನ್ ಹಾಕಿ. ಆಲ್, ನಲ್, ದೊಡ್ಡ ನಂಬರ್ ಕಂಡ್ರೆ ಅಲ್ಲೇ ನಿಲ್ಲಿ.
4. ಇಂಡೆಕ್ಸ್ ಇದ್ದೂ ಬಳಸ್ತಿಲ್ಲ ಅಂದ್ರೆ ಟೈಪ್ ಹೊಂದ್ತಿದೆಯಾ ನೋಡಿ.
5. ಕೊನೆಯದಾಗಿ ಏನು ಬದಲಾಯ್ತು, ಯಾರು ಬದಲಾಯಿಸಿದ್ದು? ಅದು ನೀವೇ ಆಗಿದ್ರೆ, ಆಗ್ಲೇ ಹೇಳ್ಬಿಡಿ.

ಐದನೇದಕ್ಕೆ ಯಾವ ಕಮ್ಯಾಂಡೂ ಇಲ್ಲ. ನನಗೆ ಅರ್ಧ ನಿಮಿಷ ಹಿಡೀತು, ಮುಂದಿನ ಸಲ ಇನ್ನೂ ಬೇಗ ಹೇಳ್ಬೇಕು.

ನಿಮ್ಮ ಕೈಯಿಂದ ಬಿದ್ದಿರೋ ಸರ್ವರ್ ಕಥೆ ಇದ್ರೆ ಕೆಳಗೆ ಬರೀರಿ. ಇಲ್ಲಿ ಯಾರೂ ನಗಲ್ಲ. ಸರಿ, ಸ್ವಲ್ಪ ನಗ್ತೀವಿ.

#ಡೇಟಾಬೇಸ್ #ಮೈಎಸ್‌ಕ್ಯುಎಲ್ #ಮೊದಲಕೆಲಸ #ಕನ್ನಡದಲ್ಲಿಟೆಕ್