ಹಡಗು ಹತ್ತುವವರಿಗೆ ನಾಲ್ಕು ಮಾತು

ಮಹಾಗಾಂವದಲ್ಲಿ ಹುಟ್ಟಿದವನಿಗೆ ಸಮುದ್ರದ ವಿಷಯ ಮಾತನಾಡುವ ಅಧಿಕಾರವಿಲ್ಲವೆಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಕಲಬುರಗಿಯಿಂದ ಹುಮನಾಬಾದಿನ ಹಾದಿ ಹಿಡಿದರೆ ಕಮಲಾಪುರಕ್ಕೆ ಮುಂಚೆ ಸಿಗುವ ಊರು ನಮ್ಮದು. ಸುತ್ತೆಲ್ಲ ಎರೆಯ ಹೊಲ, ತೊಗರಿ, ಜೋಳ. ನೀರೆಂದರೆ ಬಾವಿಯ ನೀರು. ಬಹಳ ನೀರೆಂದರೆ ಗಂಡೋರಿ ನಾಲೆಯ ಜಲಾಶಯ. ಇಂಥ ನಾನು ಹತ್ತಾರು ವರ್ಷಗಳಿಂದ ಕಲಬುರಗಿಯ ಕಾಲೇಜೊಂದರಲ್ಲಿ ನಿಂತು ವಿನಾಯಕರ ‘ಸಮುದ್ರಗೀತೆಗಳು’ ಕುರಿತು ಪಾಠ ಹೇಳುತ್ತ ಬಂದಿದ್ದೇನೆ. ತೆರೆಗಳ ಲಯವೇ ಮುಕ್ತಛಂದಸ್ಸಿನ ಲಯವಾಯಿತೆಂದು ಕೈ ಬೀಸಿ ಬೀಸಿ ವಿವರಿಸಿದ್ದೇನೆ. ಒಂದು ದಿನ ಕೊನೆಯ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, “ಸರ್, ನೀವು ಹಡಗ ಹತ್ತೀರೇನ್ರಿ?” ಎಂದು ಕೇಳಿದ. ಗಂಟೆ ಬಾರಿಸಿದ್ದರಿಂದ ನನ್ನ ಮಾನ ಉಳಿಯಿತು.

ಆ ಪ್ರಶ್ನೆಯ ಫಲವೇ 2023ರ ದೀಪಾವಳಿ ರಜೆಯಲ್ಲಿ ನಾವು ಕೈಗೊಂಡ ಯಾತ್ರೆ. ಮುಂಬಯಿಯಿಂದ ಗೋವೆಗೆ, ಗೋವೆಯಿಂದ ಮರಳಿ ಮುಂಬಯಿಗೆ. ಹಡಗಿನಲ್ಲೇ ಊಟ, ಹಡಗಿನಲ್ಲೇ ನಿದ್ದೆ, ಹಡಗಿನಲ್ಲೇ ನಾಟಕ ಸಂಗೀತ. ನನ್ನಾಕೆ ಕೂಡಲೇ ಒಪ್ಪಿದಳು. ಅವ್ವ ಮಾತ್ರ ಒಪ್ಪಲಿಲ್ಲ.

“ಆ ಹಡಗಿನ್ಯಾಗ ಮಂದಿಗಿ ಜಡ್ಡು ಬಂತಂತ ಕೋಣ್ಯಾಗ ಕೂಡಹಾಕಿದ್ರಲ್ಲ ತಮ್ಮಾ, ಅಂಥದೇ ಏನಿದು?” ಎಂದಳು.

ಅವ್ವನ ನೆನಪನ್ನು ನಾನು ಹಗುರವಾಗಿ ತಳ್ಳಿಹಾಕುವಂತಿರಲಿಲ್ಲ. 2020ರ ಫೆಬ್ರವರಿಯಲ್ಲಿ ಜಪಾನಿನ ಯೊಕೊಹಾಮಾ ಬಂದರಿನಲ್ಲಿ ‘ಡೈಮಂಡ್ ಪ್ರಿನ್ಸೆಸ್’ ಎಂಬ ಹಡಗು ನಿಂತದ್ದನ್ನು ಆಕೆ ಟಿ.ವಿ.ಯಲ್ಲಿ ದಿನವೂ ನೋಡಿದ್ದಳು. ಹಡಗಿನಲ್ಲಿದ್ದವರು 3,711 ಮಂದಿ. ಸೋಂಕು ತಗುಲಿದವರು 712. ಅದಾದ ಮರು ತಿಂಗಳೇ, ಮಾರ್ಚ್ 10ರಂದು, ಈ ದೇಶದ ಮೊದಲ ಕೋವಿಡ್ ಸಾವು ಸಂಭವಿಸಿದ್ದು ನಮ್ಮ ಕಲಬುರಗಿಯವರೊಬ್ಬರದು. ಊರಿಗೆ ಊರೇ ಬಾಗಿಲು ಹಾಕಿಕೊಂಡ ಆ ದಿನಗಳನ್ನು ಕಂಡವರಿಗೆ ಹಡಗೂ ಒಂದೇ, ಮನೆಯೂ ಒಂದೇ: ಮುಚ್ಚಿದ ಬಾಗಿಲಿನ ಹಿಂದೆ ಕೂಡುವುದು.

ಕೊನೆಗೆ ಆಕೆ ಒಪ್ಪಿದ್ದು ನನ್ನ ವಾದಕ್ಕಲ್ಲ. ಅಪ್ಪ ಪ್ರಾಥಮಿಕ ಶಾಲೆಯ ಮಾಸ್ತರರು. ಭೂಪಟದ ಮೇಲೆ ಬೆತ್ತ ಇಟ್ಟು ಸಾವಿರಾರು ಮಕ್ಕಳಿಗೆ ಅರಬ್ಬೀ ಸಮುದ್ರ ತೋರಿಸಿದವರು. ಹೆಂಡತಿಗೆ ಮಾತ್ರ, “ಪೆನ್ಶನ್ ಬರಲಿ, ಖರೇ ಸಮುದ್ರನೇ ತೋರಸ್ತೀನಿ” ಎನ್ನುತ್ತಿದ್ದರು. ಪೆನ್ಶನ್ ಬಂದ ಎರಡನೆಯ ವರ್ಷ ಅವರೇ ಇಲ್ಲವಾದರು. ಅದನ್ನು ನಾನು ಎತ್ತಲಿಲ್ಲ. ಅವ್ವನೇ ಒಂದು ಸಂಜೆ, “ಹೋಗಿ ಬರೂಣು” ಎಂದಳು.

ಹೊರಡುವ ಮುನ್ನ ನಾನು ಅಧ್ಯಾಪಕನಿಗೆ ಸಹಜವಾದ ಕೆಲಸ ಮಾಡಿದೆ. ಓದಿ, ಕೇಳಿ, ನಾಲ್ಕು ಪುಟ ನಿಯಮಾವಳಿ ಬರೆದೆ. “ನೋಟ್ಸ್ ಬರಸ್ಲತ್ತೀರೇನ್ರಿ?” ಎಂದು ನನ್ನಾಕೆ ನಕ್ಕಳು. ನಗಲಿ. ಅದರಲ್ಲಿದ್ದುದೆಲ್ಲ ಸರಿಯಾದ ಮಾತೇ. ಮಳೆಗಾಲದಲ್ಲಿ ಅರಬ್ಬೀ ಸಮುದ್ರ ಕೆರಳಿರುತ್ತದೆ. ಪ್ರವಾಸಕ್ಕೆ ದೀಪಾವಳಿಯ ನಂತರದ ತಿಂಗಳುಗಳು ಮೇಲು. ಕೋಣೆ ಆರಿಸುವಾಗ ಹಡಗಿನ ನಡುಭಾಗದಲ್ಲಿ, ಕೆಳಗಿನ ಅಂತಸ್ತಿನಲ್ಲಿ ಕೇಳಬೇಕು. ತೊಟ್ಟಿಲ ತುದಿ ತೂಗಿದಷ್ಟು ನಡು ತೂಗುವುದಿಲ್ಲವಲ್ಲ, ಹಾಗೆ. ವೈದ್ಯರ ಚೀಟಿ ಸಂಗಡ ಇರಬೇಕು. ನಿತ್ಯದ ಔಷಧಿ ಎರಡು ಮೂರು ದಿನಕ್ಕೆ ಹೆಚ್ಚಾಗಿಯೇ ಇರಬೇಕು. ನಮ್ಮ ಆರೋಗ್ಯ ವಿಮೆ ಹಡಗಿನ ವೈದ್ಯರ ಬಿಲ್ಲಿಗೆ ಅನ್ವಯಿಸುತ್ತದೆಯೋ ಇಲ್ಲವೋ ಮೊದಲೇ ಕೇಳಿಕೊಂಡಿರಬೇಕು. ಹೀಗೆ.

ಕಲಬುರಗಿಯಿಂದ ಮುಂಬಯಿಗೆ ರೈಲಿನಲ್ಲಿ ಒಂದು ರಾತ್ರಿ. ಹಿಂದೆ ವಿಲಾಯಿತಿಗೆ ಹೋಗುವವರು ಹಡಗು ಹತ್ತುತ್ತಿದ್ದ ಬಲ್ಲಾರ್ಡ್ ಪಿಯರಿನ ಕಡೆಗೇ ನಮ್ಮ ಟ್ಯಾಕ್ಸಿಯೂ ಹೊರಟಿತು. ಅಲ್ಲಿ ಮೊದಲ ಆಘಾತ ಅವ್ವನಿಗೆ. ಮನೆಯಲ್ಲಿ ಮಾಡಿದ ತಿನಿಸನ್ನು ಹಡಗಿನೊಳಕ್ಕೆ ಬಿಡುವುದಿಲ್ಲವೆಂಬುದು ನಿಯಮ. ಆಕೆ ಎರಡು ದಿನ ಕೂತು ಬಡಿದ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಎಲ್ಲ ಟ್ಯಾಕ್ಸಿಯವನ ಪಾಲಾಯಿತು. ನನ್ನ ನಾಲ್ಕು ಪುಟದಲ್ಲಿ ಈ ಸಂಗತಿ ಇರಲಿಲ್ಲ. ಎರಡನೆಯದು, ದೊಡ್ಡ ಪೆಟ್ಟಿಗೆಗಳನ್ನು ದಂಡೆಯಲ್ಲೇ ಒಪ್ಪಿಸಬೇಕು. ಅವು ಕೋಣೆ ಸೇರುವುದು ಹಲವು ತಾಸುಗಳ ಮೇಲೆ. ನಾನು ಧಾರಾಳವಾಗಿ ಒಪ್ಪಿಸಿಬಿಟ್ಟೆ. ವಾಂತಿಯ ಮಾತ್ರೆ, ಸಕ್ಕರೆ ನೋಡುವ ಯಂತ್ರ, ನನ್ನ ನಿಯಮಾವಳಿ, ಎಲ್ಲವೂ ಅದರೊಳಗೇ ಇದ್ದವು. ಅವ್ವನ ಸಕ್ಕರೆ ಕಾಯಿಲೆಯ ಮಾತ್ರೆ ಮಾತ್ರ ಆಕೆಯ ಸೊಂಟದ ಸಂಚಿಯಲ್ಲಿತ್ತು.

ಹಡಗು ಬಿಡುವ ಮೊದಲು ಎಲ್ಲರನ್ನೂ ಕರೆದು ಅಪಾಯದ ಅಭ್ಯಾಸ ಮಾಡಿಸಿದರು. ಏಳು ಸಲ ಚಿಕ್ಕ ಸಿಳ್ಳು, ಒಂದು ಸಲ ಉದ್ದ ಸಿಳ್ಳು. ಅದು ಕೇಳಿದರೆ ಜೀವರಕ್ಷಕ ಅಂಗಿ ತೊಟ್ಟು ಗೊತ್ತಾದ ಜಾಗದಲ್ಲಿ ನಿಲ್ಲಬೇಕು. ಬಹಳ ಜನ ಫೋಟೋ ತೆಗೆಯುವುದರಲ್ಲಿ ಮಗ್ನರಾಗಿದ್ದರು. 2012ರ ಜನವರಿ 13ರಂದು ಇಟಲಿಯ ಜಿಲಿಯೋ ದ್ವೀಪದ ಬಳಿ ‘ಕೋಸ್ಟಾ ಕಾಂಕೋರ್ಡಿಯಾ’ ಬಂಡೆಗೆ ಬಡಿದು 32 ಮಂದಿ ಸತ್ತಾಗ, ಅಂದೇ ಹಡಗು ಹತ್ತಿದ್ದ ನೂರಾರು ಜನರಿಗೆ ಇನ್ನೂ ಈ ಅಭ್ಯಾಸವೇ ಆಗಿರಲಿಲ್ಲ. ಮೊದಲು ಇಪ್ಪತ್ತನಾಲ್ಕು ತಾಸಿನೊಳಗೆ ಮಾಡಿಸಿದರೆ ಸಾಕೆಂದಿದ್ದ ನಿಯಮವು ಹೊರಡುವ ಮುನ್ನ ಅಥವಾ ಹೊರಟೊಡನೆ ಎಂದು ಬದಲಾದದ್ದು ಆಮೇಲೆಯೇ. ಅವ್ವ ಮಾತ್ರ ಪುರಾಣ ಕೇಳುವವಳಂತೆ ಕಣ್ಣು ಮಿಟುಕಿಸದೆ ಕೇಳಿದಳು.

ಸಂಜೆ ದಂಡೆ ಮರೆಯಾಯಿತು. ಕೋಣೆಯಲ್ಲಿ ಕೂತು ಪುಸ್ತಕ ಬಿಚ್ಚಿದೆ. ಅರ್ಧ ಪುಟ ಓದುವುದರೊಳಗೆ ಹೊಟ್ಟೆ ತೊಳಸಿತು. ಕಿವಿಯೊಳಗಿನ ಸಮತೋಲದ ಅಂಗ ‘ಅಲುಗುತ್ತಿದ್ದೇವೆ’ ಎನ್ನುತ್ತದೆ. ಪುಟದ ಮೇಲಿನ ಕಣ್ಣು ‘ಇಲ್ಲ’ ಎನ್ನುತ್ತದೆ. ಇಬ್ಬರ ಜಗಳದಲ್ಲಿ ನರಳುವುದು ಹೊಟ್ಟೆ. ಇಂಥ ಹೊತ್ತಿನಲ್ಲಿ ಮೇಲೆ ಗಾಳಿಗೆ ಹೋಗಿ ಬಾನಂಚನ್ನು ದಿಟ್ಟಿಸಬೇಕು. ಮಾತ್ರೆಯನ್ನಾದರೋ ತೊಳಸುವ ಮೊದಲೇ ನುಂಗಿರಬೇಕು. ಆಮೇಲೆ ನುಂಗಿದ್ದು ಹೊಟ್ಟೆಯಲ್ಲಿ ನಿಂತರೆ ತಾನೆ? ಅದರಿಂದ ನಿದ್ದೆ ಬರುವುದುಂಟು, ಮುಪ್ಪಿನವರಂತೂ ವೈದ್ಯರನ್ನು ಕೇಳದೆ ಮುಟ್ಟಬಾರದು. ಇದೆಲ್ಲ ನನಗೆ ಗೊತ್ತಿತ್ತು. ಮಾತ್ರೆ ಪೆಟ್ಟಿಗೆಯಲ್ಲಿತ್ತು. ಪೆಟ್ಟಿಗೆ ಎಲ್ಲೋ ಇತ್ತು.

ನನ್ನ ಆರೈಕೆಯ ಗದ್ದಲದಲ್ಲಿ ಅವ್ವನನ್ನು ಯಾರೂ ಗಮನಿಸಲಿಲ್ಲ. ಆಕೆ ನಿತ್ಯದ ಹೊತ್ತಿಗೆ ಸಕ್ಕರೆಯ ಮಾತ್ರೆ ನುಂಗಿದ್ದಳು. ಊಟದ ಶಾಲೆಗೆ ಹೋಗಿ ತಟ್ಟೆ ಹಿಡಿದು ನಿಂತಳಂತೆ. ಹೊಟ್ಟೆ ತೊಳಸಿ ತಟ್ಟೆ ಅಲ್ಲಿಯೇ ಇಟ್ಟು ಬಂದು ಮಲಗಿದಳು. ರಾತ್ರಿ ಹನ್ನೊಂದರ ಸುಮಾರಿಗೆ ನನ್ನಾಕೆ ಕೂಗಿದಳು. ಅವ್ವನ ಮೈಯೆಲ್ಲ ತಣ್ಣನೆಯ ಬೆವರು. ಕೈ ನಡುಗುತ್ತಿತ್ತು. ನನ್ನನ್ನು ನೋಡಿ ಅಪ್ಪನ ಹೆಸರು ಹಿಡಿದು ಮಾತಾಡಿಸಿದಳು. ಗಂಡನ ಹೆಸರನ್ನು ಒಮ್ಮೆಯೂ ಬಾಯಿಬಿಟ್ಟು ಹೇಳದ ಹೆಂಗಸು.

ನನ್ನ ಕೈಕಾಲು ಆಡಲಿಲ್ಲ. ನಾಲ್ಕು ಪುಟ ಬರೆದವನಿಗೆ ಒಂದು ಸಾಲೂ ನೆನಪಾಗಲಿಲ್ಲ. ನನ್ನಾಕೆಯೇ ಅವ್ವನ ಸಂಚಿ ಬಿಚ್ಚಿದಳು. ಅಡಿಕೆ ಚೂರು, ಮಹಾಗಾಂವದ ಮಠದ ಅಂಗಾರ, ಬಟ್ಟೆಯ ಗಂಟಿನಲ್ಲಿ ಒಂದಿಷ್ಟು ಬೆಲ್ಲ. ಅದೃಷ್ಟಕ್ಕೆ ಆಕೆಗೆ ನುಂಗುವಷ್ಟು ಎಚ್ಚರವಿತ್ತು. ಬೆಲ್ಲ ಕರಗಿಸಿ ಕುಡಿಸಿ, ಫೋನು ಮಾಡಿ ವೈದ್ಯರನ್ನು ಕರೆಸಿದೆವು. ಅವರು ಬೆರಳು ಚುಚ್ಚಿ ನೋಡಿದಾಗ 58 ಇತ್ತು. 70ಕ್ಕಿಂತ ಕೆಳಗಿಳಿದರೇ ಅಪಾಯದ ಗಂಟೆ. ಬೆಲ್ಲಕ್ಕೆ ಮುಂಚೆ ಎಷ್ಟಿತ್ತೋ! ಗ್ಲೂಕೋಸ್ ಕೊಟ್ಟು, ಮತ್ತೆ ಕಾಲು ತಾಸಿಗೆ ನೋಡಿ, ಬ್ರೆಡ್ ತಿನ್ನಿಸಿ, ಬೆಳಗಿನವರೆಗೆ ತಮ್ಮಲ್ಲೇ ಇಟ್ಟುಕೊಂಡರು. “ಮಾತ್ರೆ ನುಂಗಿದ ಮೇಲೆ ಊಟ ತಪ್ಪಬಾರದು. ಊಟ ಸೇರದಿದ್ದರೆ ಮಾತ್ರೆ ಏನು ಮಾಡಬೇಕೆಂದು ನಿಮ್ಮ ಡಾಕ್ಟರನ್ನು ಮೊದಲೇ ಕೇಳಿಟ್ಟುಕೊಳ್ಳಬೇಕಿತ್ತು” ಎಂದರು ಹಿಂದಿಯಲ್ಲಿ. ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು.

ಪೆಟ್ಟಿಗೆಗಳು ನಮ್ಮ ಬಾಗಿಲ ಮುಂದೆ ಸಾಲಾಗಿ ನಿಂತಿದ್ದವು. ಯಾವಾಗ ಬಂದವೋ ನೋಡಿದವರಿಲ್ಲ.

ಮರುದಿನ ಅವ್ವ ಎದ್ದು ಮೊದಲು ಕೇಳಿದ್ದು ಕೈ ತೊಳೆಯುವ ಜಾಗ. ಬಫೆಯೂಟದ ಬಾಗಿಲಲ್ಲಿ ಕೈಗೆ ಸಿಂಪಡಿಸುವ ದ್ರವ ಹಿಡಿದು ನಿಂತ ಹುಡುಗನನ್ನು ಆಕೆ ನಂಬಲೇ ಇಲ್ಲ. “ನೀರಿಲ್ಲದ ಎಂಥಾ ಕೈ ತೊಳೆಯೋದಪ್ಪ!” ಈ ವಿಷಯದಲ್ಲಿ ವೈದ್ಯಶಾಸ್ತ್ರ ಅವ್ವನ ಪಕ್ಷ. ಹಡಗುಗಳಲ್ಲಿ ವಾಂತಿ ಭೇದಿ ಹಬ್ಬಿಸುವ ನೋರೋ ವೈರಾಣು ಆ ದ್ರವಕ್ಕೆ ಅಷ್ಟಾಗಿ ಬಗ್ಗುವುದಿಲ್ಲ. ಸಾಬೂನು, ನೀರು, ಇಪ್ಪತ್ತು ಸೆಕೆಂಡಿನ ತಿಕ್ಕಾಟವೇ ಬೇಕು. ಎಲ್ಲರೂ ಹಿಡಿದ ಸೌಟನ್ನು ನಾವೂ ಹಿಡಿದಿರುತ್ತೇವಾದ್ದರಿಂದ ಬಡಿಸಿಕೊಂಡ ಮೇಲೆ ಇನ್ನೊಮ್ಮೆ ತೊಳೆದರೆ ಮತ್ತೂ ಒಳ್ಳೆಯದು. ಯಾರಿಗಾದರೂ ಭೇದಿ ಶುರುವಾದರೆ ಮುಚ್ಚಿಡದೆ ಹಡಗಿನವರಿಗೆ ತಿಳಿಸಿ ಕೋಣೆಯಲ್ಲಿರಬೇಕು. ದುಡ್ಡು ಕೊಟ್ಟು ಬಂದದ್ದು ಹಾಳಾಯಿತೆಂದು ಹೊರಗೆ ಸುತ್ತುವವರಿಂದಲೇ ರೋಗ ಹಬ್ಬುವುದು.

ಗೋವೆಯಲ್ಲಿ ನಾವು ಇಳಿಯಲಿಲ್ಲ. ಅವ್ವ ಕಟಕಟೆ ಹಿಡಿದು ನಿಂತಳು. ನಾನು ಪಕ್ಕದಲ್ಲಿ ಜೇಬಿನ ತುಂಬ ಪೆಪ್ಪರಮೆಂಟು ಇಟ್ಟುಕೊಂಡು ನಿಂತೆ. ಬಹಳ ಹೊತ್ತು ಮಾತಿಲ್ಲ. ಆಮೇಲೆ, “ನಿಮ್ಮಪ್ಪನ ನಕ್ಷಾದಾಗ ಇದು ಒಂದು ಗೇಣೇ ಇತ್ತಲ್ಲೋ” ಎಂದಳು.

ಮಹಾಗಾಂವಕ್ಕೆ ಮರಳಿದ ಮೇಲೆ ಕಟ್ಟೆಯ ಮೇಲೆ ಓಣಿಯ ಹೆಂಗಸರೆಲ್ಲ ಸೇರಿದರು. ಸಮುದ್ರ ಹೇಗಿತ್ತೆಂದು ಕೇಳಿದರೆ ಅವ್ವ ಸಮುದ್ರದ ಮಾತೇ ಆಡಲಿಲ್ಲ. ಒಳಗಿನಿಂದ ಕೌದಿ ತರಿಸಿ, ಪಕ್ಕದ ಮನೆಯ ಸೊಸೆಯ ಕೊರಳಿಗೆ ಹಾಕಿ, ನಡುವಿಗೆ ಹಗ್ಗ ಬಿಗಿದು, ಜೀವರಕ್ಷಕ ಅಂಗಿ ತೊಡುವ ಬಗೆ ತೋರಿಸಿದಳು. ಹಲ್ಲಿಲ್ಲದ ಬಾಯಿಂದ ಏಳು ಸಲ ಗಿಡ್ಡಕ್ಕೆ, ಒಂದು ಸಲ ಉದ್ದಕ್ಕೆ ಸಿಳ್ಳು ಹಾಕಲು ನೋಡಿದಳು. ಸಿಳ್ಳು ಬರಲಿಲ್ಲ. ಓಣಿಯ ಹುಡುಗರು ಹಾಕಿಕೊಟ್ಟರು.